ಪದ ಪ್ರಶ್ನೆ: ಈ ಸಲ ಪೂರ್ತಿ ‘ವಿತ್’

ಇಂಗ್ಲಿಷಿನ ‘ವಿತ್’ ಪದದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೋಲುವ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಗ್ರಾಹಕರು ದಿನವಿಡೀ ‘ವಿತ್‌ಡ್ರಾ’ ಎನ್ನುತ್ತಾರೆ. ‘ವಿತ್’ ಎಂದರೆ ಜೊತೆ, ‘ಡ್ರಾ’ ಎಂದರೆ ಎಳೆ. ಇವೆರಡೂ ಸೇರಿ ‘ವಾಪಸ್ ತೆಗೆ’ ಹೇಗಾಯಿತು? ‘ವಿತ್‌ಹೋಲ್ಡ್’ ಕೂಡ ‘ತಡೆಹಿಡಿ’ ಆಗಿದೆಯಲ್ಲ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಈ ಪದಗಳೊಳಗೆ ಕೂತಿರುವುದು ಇವತ್ತಿನ ‘ವಿತ್’ ಅಲ್ಲ, ಅದರ ಹಳೆಯ ಅವತಾರ. ಸುಮಾರು 5ರಿಂದ 11ನೇ ಶತಮಾನದವರೆಗಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮುಖ್ಯ ಅರ್ಥ ಎದುರು, ವಿರುದ್ಧ, ಕಡೆಗೆ. ‘ಜೊತೆ’ ಎನ್ನಲು ಆಗ ‘ಮಿದ್’ ಎಂಬ ಬೇರೆಯೇ ಪದವಿತ್ತು. ಜರ್ಮನ್ ಭಾಷೆಯ ‘ಮಿಟ್’, ಡಚ್ಚಿನ ‘ಮೆಟ್’, ಸ್ವೀಡಿಶ್‌ನ ‘ಮೆಡ್’ ಅದರ ಒಡಹುಟ್ಟುಗಳು. ಆ ಭಾಷೆಗಳಲ್ಲಿ ಅವು ಇಂದಿಗೂ ‘ಜೊತೆ’ಯ ಕೆಲಸದಲ್ಲೇ ಇವೆ. ಇಂಗ್ಲಿಷ್ ಮಾತ್ರ ತನ್ನ ‘ಮಿದ್’ ಅನ್ನು ಕಳೆದುಕೊಂಡಿತು.

ಹಳೆಯ ಅರ್ಥ ಕಣ್ಣಿಗೆ ಕಟ್ಟುವಂತೆ ಸಿಗುವುದು ವೈದ್ಯದ ಪುಸ್ತಕಗಳಲ್ಲಿ. ಬ್ರಿಟಿಷ್ ಲೈಬ್ರರಿಯಲ್ಲಿರುವ ‘ಬಾಲ್ಡ್ಸ್ ಲೀಚ್‌ಬುಕ್’ 10ನೇ ಶತಮಾನದ ಹಸ್ತಪ್ರತಿ. ಅಲ್ಲಿ ಮದ್ದುಗಳನ್ನು ಹೇಳುವಾಗ ರೋಗದ ಹೆಸರಿನ ಮುಂದೆ ಈ ಪದ ಬರುತ್ತದೆ: ‘ವಿತ್’ ತಲೆನೋವು, ‘ವಿತ್’ ಕಣ್ಣಿನ ಗುಳ್ಳೆ. ನಾವು ‘ತಲೆನೋವಿಗೆ ಮದ್ದು’ ಎನ್ನುವಲ್ಲಿ ಅವರು ‘ತಲೆನೋವಿನ ವಿರುದ್ಧ’ ಎನ್ನುತ್ತಿದ್ದರು. ಇದೇ ಪುಸ್ತಕದ ಕಣ್ಣಿನ ಮುಲಾಮನ್ನು 2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಮಾಡಿ ನೋಡಿದರು. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಇನ್ನೊಂದು ಗಡ್ಡೆ, ವೈನ್, ದನದ ಪಿತ್ತರಸ ಇವನ್ನು ಬೆರೆಸಿ ಒಂಬತ್ತು ದಿನ ಇಟ್ಟದ್ದು, ಔಷಧಿಗೆ ಬಗ್ಗದ ‘ಎಂಆರ್‌ಎಸ್‌ಎ’ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಕೊಂದಿತು. ‘ವಿತ್’ ಅಲ್ಲಿ ನಿಜವಾಗಿಯೂ ‘ವಿರುದ್ಧ’ವೇ ಆಗಿತ್ತು!

ವಿರುದ್ಧ ಇದ್ದದ್ದು ಜೊತೆ ಆದದ್ದು ಮೆಲ್ಲಗೆ. ಜಗಳಕ್ಕೆ ಇಬ್ಬರು ಎದುರುಬದುರು ನಿಲ್ಲಬೇಕು. ಮಾತುಕತೆಗೂ ವ್ಯಾಪಾರದ ಚೌಕಾಸಿಗೂ ಹಾಗೇ ನಿಲ್ಲಬೇಕು. ‘ಅವನಿಗೆ ಎದುರಾಗಿ ಮಾತಾಡಿದೆ’ ಎಂಬುದು ‘ಅವನ ಜೊತೆ ಮಾತಾಡಿದೆ’ ಆಗಲು ಹೆಚ್ಚು ದೂರ ಹೋಗಬೇಕಿಲ್ಲ. ಇದಕ್ಕೆ ಹೊರಗಿನಿಂದಲೂ ಒತ್ತಾಸೆ ಸಿಕ್ಕಿತು. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ ‘ವಿದ್’ ಪದಕ್ಕೆ ವಿರುದ್ಧ, ಜೊತೆ ಎರಡೂ ಅರ್ಥಗಳಿದ್ದವು. ಲ್ಯಾಟಿನ್ ಕಲಿತ ಪಾದ್ರಿಗಳಿಗೆ ‘ಕುಂ’ ಎಂಬ ಒಂದೇ ಪದ ‘ಜೊತೆ’ಗೂ ‘ಇಂಥವರೊಡನೆ ಕಾದಾಡು’ ಎನ್ನಲೂ ಸಾಕಾಗುತ್ತಿತ್ತು. ಅದರ ಪ್ರಭಾವವೂ ಇದ್ದಿರಬಹುದು ಎನ್ನುತ್ತಾರೆ. 14ನೇ ಶತಮಾನ ಮುಗಿಯುವ ಹೊತ್ತಿಗೆ ‘ಮಿದ್’ ಬಹುತೇಕ ಮರೆಯಾಗಿ, ಅದರ ಎಲ್ಲ ಕೆಲಸವೂ ‘ವಿತ್’ ತಲೆಗೆ ಬಂದಿತ್ತು. ತೆರವಾದ ‘ವಿರುದ್ಧ’ದ ಜಾಗಕ್ಕೆ ‘ಅಗೇನ್’ನಿಂದ ಬೆಳೆದ ‘ಅಗೇನ್‌ಸ್ಟ್’ ಬಂತು.

ಆದರೆ ಮೊದಲೇ ಅಂಟಿಕೊಂಡ ಜೋಡಿಪದಗಳು ಬದಲಾಗಲಿಲ್ಲ. ‘ವಿತ್‌ಸ್ಟ್ಯಾಂಡ್’ ಹಳೆಯ ಇಂಗ್ಲಿಷಿನಿಂದಲೇ ಬಂದದ್ದು. ಎದುರು ನಿಲ್ಲು, ತಾಳಿಕೊಳ್ಳು ಎಂದರ್ಥ. ಜರ್ಮನ್ನಿನ ‘ವೀಡರ್‌ಸ್ಟಾಂಡ್’, ಅಂದರೆ ಪ್ರತಿರೋಧ, ಇದೇ ಅಚ್ಚಿನದು. ‘ವಿತ್‌ಹೋಲ್ಡ್’, ‘ವಿತ್‌ಡ್ರಾ’ 1200ರ ಆಸುಪಾಸಿನಲ್ಲಿ ಕಾಣಿಸಿಕೊಂಡವು. ಇವುಗಳಲ್ಲಿ ‘ವಿತ್’ ಎಂದರೆ ಹಿಂದಕ್ಕೆ, ಆಚೆಗೆ. ಪರೀಕ್ಷೆಯ ಫಲಿತಾಂಶ ‘ವಿತ್‌ಹೆಲ್ಡ್’ ಆದರೆ ಅದು ಕೈಗೆ ಬರದಂತೆ ಹಿಂದಕ್ಕೆ ಹಿಡಿದದ್ದು. ಕಾಗುಣಿತದಲ್ಲಿ ಎಡವುವುದು ಇಲ್ಲೇ: ‘ವಿತ್‌ಹೋಲ್ಡ್’ನಲ್ಲಿ ಎರಡು ಪದಗಳು ಕೂಡಿರುವುದರಿಂದ ‘ಎಚ್’ ಅಕ್ಷರ ಎರಡು ಸಲ ಒಟ್ಟಿಗೆ ಬರುತ್ತದೆ. ಅದನ್ನು ನೋಡಿಕೊಂಡು ‘ಥ್ರೆಶೋಲ್ಡ್’ಗೂ ಎರಡು ಹಾಕಬೇಡಿ, ಅಲ್ಲಿ ‘ಎಸ್’ ಆದಮೇಲೆ ಒಂದೇ.

‘ಮಿಡ್‌ವೈಫ್’ನಲ್ಲಿ ‘ಮಿಡ್’ ಎಂದರೆ ಮಧ್ಯವೇ? ತಾಯಿ ಮಗುವಿನ ನಡುವೆ ಇರುವವಳು ಎಂದು ತರಬೇತಿಯಲ್ಲಿ ಹೇಳಿದ್ದರು.
— ಶುಶ್ರೂಷಕಿ, ಗದಗ

ಅಲ್ಲ. ಮೇಲೆ ಹೇಳಿದ ‘ಮಿದ್’ ಸತ್ತ ಮೇಲೂ ಉಳಿದುಕೊಂಡ ಜಾಗ ಇದು. ‘ವೈಫ್’ಗೆ ಆಗ ಹೆಂಡತಿ ಎನ್ನುವುದಕ್ಕಿಂತ ಹೆಣ್ಣು ಎಂಬ ಅರ್ಥವೇ ಮೊದಲು. ಹೆರುವವಳ ಜೊತೆಗಿರುವ ಹೆಂಗಸು, ಅಷ್ಟೇ. ‘ಮಿಡ್‌ಡೇ’, ‘ಮಿಡ್‌ನೈಟ್’ಗಳಲ್ಲಿರುವುದು ಮಾತ್ರ ಮಧ್ಯ ಎಂಬ ಬೇರೆ ಪದ.

‘ವಿತ್’ ಸಂಸ್ಕೃತದಿಂದ ಹೋದ ಪದ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಎಷ್ಟು ನಿಜ?
— ನಿವೃತ್ತ ಸಂಸ್ಕೃತ ಅಧ್ಯಾಪಕರು, ಉಡುಪಿ

ಹೋದದ್ದಲ್ಲ, ನೆಂಟಸ್ತಿಕೆ ಇರುವುದು ನಿಜ. ಎರಡೂ ಭಾಷೆಗಳಿಗೆ ಮೂಲವಾದ ಇಂಡೋ-ಯೂರೋಪಿಯನ್‌ನಲ್ಲಿ ‘ಬೇರೆಯಾಗಿ, ದೂರಕ್ಕೆ’ ಎಂಬರ್ಥದ ‘ವಿ’ ಇತ್ತು. ವಿಯೋಗ, ವಿಭಾಗ, ವಿಚ್ಛೇದಗಳಲ್ಲಿ ಅದು ಉಪಸರ್ಗವಾಗಿ ಉಳಿದಿದೆ. ಅದಕ್ಕೆ ‘ಇನ್ನೂ ಹೆಚ್ಚು’ ಎಂಬ ‘ತರ’ ಪ್ರತ್ಯಯ (ಗುರುತರ, ಉಚ್ಚತರಗಳಲ್ಲಿರುವುದೇ) ಸೇರಿ ‘ಇನ್ನೂ ದೂರಕ್ಕೆ’ ಎಂಬ ಪದವಾಯಿತು. ಜರ್ಮ್ಯಾನಿಕ್ ಭಾಷೆಗಳಲ್ಲಿ ಅದೇ ‘ವಿರುದ್ಧ’ದ ಅರ್ಥಕ್ಕೆ ತಿರುಗಿತು, ‘ವಿತ್’ ಆ ಬಳ್ಳಿಯದು. ಋಗ್ವೇದದಲ್ಲಿ ಇದರ ಜೋಡಿ ಸಿಗುತ್ತದೆ. ನಾಲ್ಕನೆಯ ಮಂಡಲದ 18ನೇ ಸೂಕ್ತದಲ್ಲಿ ಇಂದ್ರ ವಿಷ್ಣುವಿಗೆ ‘ಸಖೇ ವಿಷ್ಣೋ ವಿತರಂ ವಿ ಕ್ರಮಸ್ವ’ ಎನ್ನುತ್ತಾನೆ: ಗೆಳೆಯಾ, ಇನ್ನೂ ದೂರಕ್ಕೆ ಹೆಜ್ಜೆ ಚಾಚು. ಆ ‘ವಿತರಂ’ ಇಂಗ್ಲಿಷ್ ಪದದ ದೊಡ್ಡಪ್ಪನ ಮಗ ಎನ್ನಬಹುದು. ನಮ್ಮ ‘ವಿತರಣೆ’ಯನ್ನು ಇದಕ್ಕೆ ಗಂಟು ಹಾಕಬೇಡಿ, ಅದು ‘ತೄ’ ಧಾತುವಿನಿಂದ ಬಂದದ್ದು. ‘ವಿತ್ತ’ಕ್ಕಂತೂ ಯಾವ ಸಂಬಂಧವೂ ಇಲ್ಲ.

‘ಟಿಪ್ಪು ಫಾಟ್ ವಿತ್ ದ ಬ್ರಿಟಿಷ್’ ಎಂದು ಬರೆದರೆ ತಪ್ಪೇ? ಮೌಲ್ಯಮಾಪಕರು ಕೆಂಪು ಗೆರೆ ಎಳೆದಿದ್ದಾರೆ.
— ಇತಿಹಾಸ ಎಂ.ಎ. ವಿದ್ಯಾರ್ಥಿ, ಮೈಸೂರು

ವ್ಯಾಕರಣದ ತಪ್ಪಿಲ್ಲ. ಆದರೆ ಗೆರೆ ಎಳೆದದ್ದು ಸರಿಯಾಗಿದೆ. 1799ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪು ‘ಫಾಟ್ ವಿತ್ ದ ಬ್ರಿಟಿಷ್’, ಹೈದರಾಬಾದಿನ ನಿಜಾಮನ ಸೇನೆಯೂ ‘ಫಾಟ್ ವಿತ್ ದ ಬ್ರಿಟಿಷ್’. ಒಬ್ಬ ಎದುರಾಗಿ, ಇನ್ನೊಬ್ಬ ಕೂಡಿಕೊಂಡು. ಪದದ ಹಳೆಯ ಮತ್ತು ಹೊಸ ಅರ್ಥಗಳೆರಡೂ ‘ಫೈಟ್’ ಎಂಬ ಕ್ರಿಯಾಪದದ ಬಳಿ ಇನ್ನೂ ಜೀವಂತವಾಗಿವೆ. ಇತಿಹಾಸ ಬರೆಯುವಾಗ ಎದುರಾಳಿಗೆ ‘ಅಗೇನ್‌ಸ್ಟ್’, ಮಿತ್ರಪಕ್ಷಕ್ಕೆ ‘ಅಲಾಂಗ್‌ಸೈಡ್’ ಬಳಸಿ.

ಕನ್ನಡದಲ್ಲೂ ‘ನನ್ನ ಜೊತೆ ಜಗಳಕ್ಕೆ ಬರಬೇಡ’ ಎನ್ನುತ್ತೇವೆ. ಅಲ್ಲಿ ‘ಜೊತೆ’ ಎದುರಾಳಿಯೇ. ಆದರೆ ಗೊಂದಲ ಬರುವ ಕಡೆ ನಾವು ‘ಜೊತೆ ಸೇರಿ’, ‘ಕೂಡಿಕೊಂಡು’ ಎಂದು ಒಂದು ಕ್ರಿಯಾಪದ ಸೇರಿಸಿ ಬಿಡಿಸಿಕೊಳ್ಳುತ್ತೇವೆ.

‘ಬೈ’ ಎಲ್ಲಿ, ‘ವಿತ್’ ಎಲ್ಲಿ? ಎರಡಕ್ಕೂ ಕನ್ನಡದಲ್ಲಿ ‘ಇಂದ’ ಬರುವುದರಿಂದ ಪ್ರತಿ ಸಲವೂ ತಪ್ಪುತ್ತದೆ.
— ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ

ತಪ್ಪಿನ ಮೂಲವನ್ನು ನೀವೇ ಹಿಡಿದಿದ್ದೀರಿ. ‘ರಾಮನಿಂದ ಹತನಾದ’, ‘ಚಾಕುವಿನಿಂದ ಹೆಚ್ಚು’, ‘ಚಳಿಯಿಂದ ನಡುಗು’, ‘ಮಣ್ಣಿನಿಂದ ಮಾಡು’, ‘ಮೈಸೂರಿನಿಂದ ಬಾ’ — ಒಂದು ‘ಇಂದ’ಕ್ಕೆ ಐದು ಕೆಲಸ. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ತೃತೀಯೆಗೆ ‘ಇಂ’, ಪಂಚಮಿಗೆ ‘ಅತ್ತಣಿಂ’ ಎಂದು ಬೇರೆ ಬೇರೆ ಇತ್ತು. ಇವತ್ತಿನ ಮಾತಿನಲ್ಲಿ ಎರಡೂ ಒಂದರಲ್ಲೇ ಕರಗಿವೆ. ಇಂಗ್ಲಿಷಿನಲ್ಲಿ ಈ ಐದಕ್ಕೆ ಕ್ರಮವಾಗಿ ‘ಬೈ’, ‘ವಿತ್’, ‘ವಿತ್’, ‘ಆಫ್’, ‘ಫ್ರಮ್’ ಬರುತ್ತವೆ.

ಅನುಮಾನ ಬಂದಾಗ ಹೀಗೆ ಪರೀಕ್ಷಿಸಿ. ವಾಕ್ಯವನ್ನು ಕರ್ತರಿಗೆ ತಿರುಗಿಸಿ. ‘ಇಂದ’ ಅಂಟಿದ ಪದ ಕರ್ತೃವಾಗಿ ನಿಂತರೆ ‘ಬೈ’. ಅದರ ಜಾಗದಲ್ಲಿ ‘ಬಳಸಿ’ ಎಂದು ಹಾಕಿದರೆ ಅರ್ಥ ಕೂಡಿಬಂದರೆ ‘ವಿತ್’. ‘ಚಾಕು ಬಳಸಿ ಹೆಚ್ಚಿದಳು’ ಕೂಡಿಬರುತ್ತದೆ, ಆದ್ದರಿಂದ ‘ವಿತ್ ಎ ನೈಫ್’. ಕಿಟಕಿಯ ಗಾಜು ‘ಬೈ ಎ ಸ್ಟೋನ್’ ಒಡೆಯಿತು ಎಂದರೆ ಕಲ್ಲು ತಾನಾಗಿ ಉರುಳಿ ಬಂದಿರಬಹುದು. ‘ವಿತ್ ಎ ಸ್ಟೋನ್’ ಎಂದೊಡನೆ ಆ ಕಲ್ಲನ್ನು ಎತ್ತಿದ ಒಂದು ಕೈ ವಾಕ್ಯದೊಳಗೆ ಬಂದುಬಿಡುತ್ತದೆ. ಅಪರಾಧ ಸುದ್ದಿ ಬರೆಯುವವರು ಇದನ್ನು ಕಡ್ಡಾಯವಾಗಿ ಗಮನಿಸಬೇಕು.

ಪ್ರಯಾಣಕ್ಕೆ, ಸಂಪರ್ಕಕ್ಕೆ ‘ವಿತ್’ ಬರುವುದಿಲ್ಲ: ‘ಬೈ ಬಸ್’, ‘ಬೈ ಪೋಸ್ಟ್’. ಅಲ್ಲಿ ನಾಮಪದದ ಮುಂದೆ ‘ಎ’, ‘ದ’, ‘ಮೈ’ ಯಾವುದೂ ಇರುವುದಿಲ್ಲ. ಅದು ಬಂದರೆ ಉಪಸರ್ಗವೂ ಬದಲಾಗುತ್ತದೆ, ‘ಇನ್ ಮೈ ಕಾರ್’ ಎಂಬಂತೆ. ಕೈಯಿಂದ ಹೊಲಿದದ್ದು ‘ಬೈ ಹ್ಯಾಂಡ್’, ನನ್ನದೇ ಕೈಯಾರೆ ಹೊಲಿದದ್ದು ‘ವಿತ್ ಮೈ ಓನ್ ಹ್ಯಾಂಡ್ಸ್’. ಭಾಷೆಗೆ ಯಾವತ್ತೂ ‘ಇನ್’: ‘ಇನ್ ಕನ್ನಡ’. ಪೆನ್ನಿಗೆ ‘ವಿತ್ ಎ ಪೆನ್’, ಶಾಯಿಗೆ ‘ಇನ್ ಇಂಕ್’. ತುಂಬಿಸುವ ಕ್ರಿಯೆಗೆ ‘ಫಿಲ್ಡ್ ವಿತ್’, ತುಂಬಿರುವ ಸ್ಥಿತಿಗೆ ‘ಫುಲ್ ಆಫ್’. ಇವೆರಡನ್ನು ಬೆರೆಸಿ ‘ಫುಲ್ ವಿತ್’ ಮಾಡುವುದು ನಮ್ಮಲ್ಲಿ ಬಹಳ.

ಕಾಯಿಲೆಯಿಂದ ಸತ್ತರು ಎನ್ನಲು ‘ಡೈಡ್ ಆಫ್’. ‘ಡೈಡ್ ವಿತ್’ ಎಂದರೆ ಸಾಯುವಾಗ ಆ ಕಾಯಿಲೆ ಮೈಯಲ್ಲಿತ್ತು, ಸಾವಿಗೆ ಅದೇ ಕಾರಣವೆಂದು ಹೇಳುತ್ತಿಲ್ಲ ಎಂದರ್ಥ. ಕೋವಿಡ್ ಸಾವುಗಳ ಲೆಕ್ಕದ ವಾದಗಳೆಲ್ಲ ಈ ಎರಡು ಪುಟ್ಟ ಪದಗಳ ನಡುವೆ ನಡೆದವು.

ಅನುವಾದ ಮಾಡುವಾಗ ‘ವಿತ್’ಗೆ ‘ಒಂದಿಗೆ’ ಹಾಕುವುದು ರೂಢಿಯಾಗಿದೆ. ಓದಿದರೆ ಏನೋ ತೊಡಕು. ಬೇರೆ ದಾರಿ ಇದೆಯೇ?
— ಉಪಸಂಪಾದಕಿ, ಬೆಂಗಳೂರು

ಇದೆ, ಒಂದಲ್ಲ ಹತ್ತಾರು. ಕಂಪ್ಯೂಟರ್ ಅನುವಾದ ಬಂದ ಮೇಲೆ ಈ ‘ಒಂದಿಗೆ’ಯ ಹಾವಳಿ ಹೆಚ್ಚಿದೆ ಎಂಬುದು ನಮ್ಮ ಅನಿಸಿಕೆ. ಜಾಹೀರಾತುಗಳಲ್ಲಿ ಫೋನು ‘50 ಮೆಗಾಪಿಕ್ಸೆಲ್ ಕ್ಯಾಮೆರಾದೊಂದಿಗೆ’ ಬರುತ್ತದೆ. ಕಥೆಗಳಲ್ಲಿ ‘ನೀಲಿ ಕಣ್ಣುಗಳೊಂದಿಗಿನ ಹುಡುಗಿ’ ‘ಭಯದೊಂದಿಗೆ’ ನಡುಗುತ್ತಾಳೆ. ಔಷಧಿ ಚೀಟಿ ‘ಎಚ್ಚರಿಕೆಯೊಂದಿಗೆ ಬಳಸಿ’ ಎನ್ನುತ್ತದೆ. ಕನ್ನಡದಲ್ಲಿ ‘ಒಂದಿಗೆ’, ‘ಒಡನೆ’, ‘ಜೊತೆ’, ‘ಸಂಗಡ’ಗಳು ನಿಜವಾದ ಒಡನಾಟಕ್ಕೆ ಮೀಸಲು. ಸಾಮಾನ್ಯವಾಗಿ ಎರಡೂ ಕಡೆ ಜೀವ ಇರಬೇಕು, ಇಲ್ಲವೇ ಎರಡು ವಸ್ತುಗಳು ಬೇರೆಬೇರೆಯಾಗಿಯೇ ಒಟ್ಟಿಗೆ ಹೋಗುತ್ತಿರಬೇಕು. ಅರ್ಜಿಯೊಂದಿಗೆ ಫೋಟೊ ಲಗತ್ತಿಸಬಹುದು. ಹುಡುಗಿಯೊಂದಿಗೆ ಅವಳ ಕಣ್ಣುಗಳು ಹೋಗುವುದಿಲ್ಲ.

ಅನುವಾದಕ್ಕೆ ಕೂತಾಗ ‘ವಿತ್’ಗೆ ಸಮಾನ ಪದ ಹುಡುಕಬೇಡಿ, ಆ ವಾಕ್ಯದಲ್ಲಿ ಅದು ಏನು ಮಾಡುತ್ತಿದೆ ಎಂದು ಕೇಳಿ. ಅಂಗವೋ ಗುಣವೋ ಆಗಿದ್ದರೆ ‘ಇರುವ’ ಅಥವಾ ನೇರ ವಿಶೇಷಣ: ನೀಲಿ ಕಣ್ಣಿನ ಹುಡುಗಿ, ಎರಡು ಕೋಣೆಯ ಮನೆ, 50 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಫೋನು. ಕೈಯಲ್ಲಿರುವ ವಸ್ತುವಾದರೆ ಕ್ರಿಯಾಪದ ಬೇಕು: ಕೊಡೆ ಹಿಡಿದವರು, ಚೀಲ ಹೊತ್ತವನು, ಕನ್ನಡಕ ಹಾಕಿದಾಕೆ. ಬೆರೆಸಿದ್ದಾದರೆ ‘ಹಾಕಿದ’: ಸಕ್ಕರೆ ಹಾಕಿದ ಕಾಫಿ. ರೀತಿಯಾದರೆ ‘ಇಂದ’ ಅಥವಾ ‘ಆಗಿ’: ಎಚ್ಚರಿಕೆಯಿಂದ, ಜೋಪಾನವಾಗಿ. ಭಾವಕ್ಕೆ ಕನ್ನಡ ಭೂತ ಕೃದಂತವನ್ನು ಇಷ್ಟಪಡುತ್ತದೆ: ಹೆದರಿ ನಡುಗಿದಳು, ನಾಚಿ ಕೆಂಪಾದಳು, ಸಿಟ್ಟಾಗಿ ಎದ್ದು ಹೋದ. ಒಂದು ಇನ್ನೊಂದಕ್ಕೆ ತಕ್ಕಂತೆ ಬದಲಾದರೆ ‘ಅಂತೆ’: ‘ವಿತ್ ಏಜ್’ ಎಂದರೆ ವಯಸ್ಸಾದಂತೆ. ಹತ್ತಿರ ಇಟ್ಟುಕೊಂಡಿರುವುದಾದರೆ ‘ಬಳಿ’: ಬೀಗದಕೈ ನನ್ನ ಬಳಿ ಇದೆ. ಉದ್ಯೋಗವಾದರೆ, ‘ಶಿ ಈಸ್ ವಿತ್ ಎ ಬ್ಯಾಂಕ್’ ಎಂದರೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಘೋಷಣೆಯ ‘ಡೌನ್ ವಿತ್’ಗೆ ಸಿದ್ಧ ಕನ್ನಡವಿದೆ: ಧಿಕ್ಕಾರ.

ಕಷ್ಟ ಬರುವುದು ವಾಕ್ಯದ ತಲೆಯಲ್ಲಿ ಕೂತ ‘ವಿತ್’ನಿಂದ. ‘ವಿತ್ ದ ರೈನ್ಸ್ ಡಿಲೇಡ್’ ಎಂದಾಗ ಅದು ಕಾರಣ: ಮಳೆ ತಡವಾದ್ದರಿಂದ. ‘ವಿತ್ ಆಲ್ ಹಿಸ್ ಮನಿ’ ಎಂದಾಗ ಅದು ಉಲ್ಟಾ: ಅಷ್ಟೆಲ್ಲ ದುಡ್ಡಿದ್ದೂ. ‘ವಿತ್ ಹಿಸ್ ಐಸ್ ಕ್ಲೋಸ್ಡ್’ ಬರೀ ಸ್ಥಿತಿ: ಕಣ್ಣು ಮುಚ್ಚಿಕೊಂಡು. ಪದ ಒಂದೇ, ಕನ್ನಡದಲ್ಲಿ ಆದ್ದರಿಂದ, ಇದ್ದೂ, ಕೊಂಡು ಎಂಬ ಮೂರು ಬೇರೆ ಬೇರೆ ಕಟ್ಟುಗಳು. ಮೊದಲ ಎರಡನ್ನು ಅದಲುಬದಲು ಮಾಡಿದರೆ ಲೇಖಕರು ಹೇಳಿದ್ದಕ್ಕೆ ನೇರ ವಿರುದ್ಧವಾದದ್ದು ಅಚ್ಚಾಗುತ್ತದೆ.

ಇನ್ನು ಕೆಲವು ಕಡೆ ಮೂಲದಲ್ಲೇ ಇಬ್ಬಂದಿ ಇರುತ್ತದೆ. ಭಾಷಾಶಾಸ್ತ್ರದ ತರಗತಿಗಳಲ್ಲಿ ಸವೆದುಹೋದ ಉದಾಹರಣೆ ‘ಐ ಸಾ ದ ಮ್ಯಾನ್ ವಿತ್ ದ ಟೆಲಿಸ್ಕೋಪ್’. ದೂರದರ್ಶಕ ನೋಡಿದವನ ಕೈಯಲ್ಲೋ, ಕಂಡವನ ಕೈಯಲ್ಲೋ? ಇಂಗ್ಲಿಷ್ ಹೇಳದೆ ಜಾರಿಕೊಳ್ಳಬಹುದು, ಕನ್ನಡಕ್ಕೆ ಆ ಸೌಲಭ್ಯವಿಲ್ಲ. ‘ದೂರದರ್ಶಕದಿಂದ ಅವನನ್ನು ನೋಡಿದೆ’ ಅಥವಾ ‘ದೂರದರ್ಶಕ ಹಿಡಿದಿದ್ದವನನ್ನು ನೋಡಿದೆ’, ಎರಡರಲ್ಲೊಂದನ್ನು ಆರಿಸಲೇಬೇಕು. ಸಂದರ್ಭ ನೋಡಿ ಆರಿಸಿ. ಸಂದರ್ಭವೂ ಹೇಳದಿದ್ದರೆ ಲೇಖಕರನ್ನೇ ಕೇಳಿ.

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಬಳಿ ‘ಸೇಂಟ್ ಬಾಟಲ್ಫ್ ವಿದೌಟ್ ಬಿಷಪ್ಸ್‌ಗೇಟ್’ ಎಂಬ ಚರ್ಚು ಇದೆ. ಬಿಷಪ್ಸ್‌ಗೇಟ್ ಇಲ್ಲದ ಚರ್ಚು ಎಂದರೇನು?
— ಓದುಗರು, ಲಂಡನ್

ಬಿಷಪ್ಸ್‌ಗೇಟ್ ಹೊರಗಿನ ಚರ್ಚು ಎಂದರ್ಥ. ‘ವಿದೌಟ್’ನ ಮೊದಲ ಅರ್ಥ ‘ಹೊರಗೆ’. ‘ವಿದಿನ್’ ಅದರ ಜೋಡಿ, ‘ಒಳಗೆ’. ಎರಡರಲ್ಲೂ ‘ವಿತ್’ಗೆ ಜೊತೆಯ ಅರ್ಥವಿಲ್ಲ, ‘ಕಡೆಗೆ’ ಎಂಬ ಹಳೆಯ ಅರ್ಥ: ಹೊರಗಡೆ, ಒಳಗಡೆ. ಹಳೆಯ ಲಂಡನ್ ಸುತ್ತ ರೋಮನ್ನರು ಕಟ್ಟಿದ ಗೋಡೆ ಇತ್ತು, ಅದಕ್ಕೆ ಬಾಗಿಲುಗಳಿದ್ದವು. ಬಿಷಪ್ಸ್‌ಗೇಟ್ ಅವುಗಳಲ್ಲೊಂದು. 18ನೇ ಶತಮಾನದಲ್ಲಿ ಬಾಗಿಲನ್ನು ಕೆಡವಿದರು, ‘ಹೊರಗೆ’ ಎಂಬುದು ಚರ್ಚಿನ ಹೆಸರಿನಲ್ಲಿ ಉಳಿಯಿತು. ನೀವಿರುವ ಊರಿನಲ್ಲೇ ‘ಫ್ಯಾರಿಂಗ್ಡನ್ ವಿದಿನ್’, ‘ಫ್ಯಾರಿಂಗ್ಡನ್ ವಿದೌಟ್’ ಎಂಬ ಎರಡು ವಾರ್ಡುಗಳಿವೆ. 1394ರಲ್ಲಿ ಒಂದನ್ನು ಸೀಳಿ, ಗೋಡೆಯ ಒಳಗಿನದು, ಹೊರಗಿನದು ಎಂದು ಮಾಡಿದ್ದು.

ಹೊರಗಿದ್ದದ್ದು ‘ಇಲ್ಲದೆ’ ಆದದ್ದು ಕನ್ನಡಿಗರಿಗೆ ವಿಚಿತ್ರವಾಗಿ ಕಾಣಬೇಕಿಲ್ಲ. ನಮ್ಮ ‘ಹೊರತು’ ಹುಟ್ಟಿದ್ದೂ ‘ಹೊರ’ದಿಂದಲೇ. ‘ಅವನ ಹೊರತು ಯಾರೂ ಇಲ್ಲ’ ಎನ್ನುವಾಗ ಅವನನ್ನು ಲೆಕ್ಕದ ಹೊರಗಿಟ್ಟಿದ್ದೇವೆ.

‘ವಿದೌಟ್’ ಆದಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಕಡ್ಡಾಯ. ‘ವಿದೌಟ್ ಇನ್‌ಫಾರ್ಮ್’ ಎಂಬುದು ರಜೆ ಅರ್ಜಿಗಳಲ್ಲಿ ಕಾಣುವ ತಪ್ಪು. ನೋಟಿಸಿನಲ್ಲಿ ‘ವಿದಿನ್ 7 ಡೇಸ್’ ಎಂದರೆ ಏಳು ದಿನದೊಳಗೆ ಯಾವತ್ತಾದರೂ ಸರಿ. ‘ಇನ್ 7 ಡೇಸ್’ ಎಂದರೆ ಏಳು ದಿನ ಕಳೆದ ಮೇಲೆ ಎಂದೂ ಓದಿಕೊಳ್ಳಬಹುದು. ಗಡುವು ಕೊಡುವವರು ಮೊದಲನೆಯದನ್ನೇ ಬರೆಯಿರಿ.

ಕಾನೂನಿನ ‘ನಾಟ್‌ವಿತ್‌ಸ್ಟ್ಯಾಂಡಿಂಗ್’, ‘ಫೋರ್ತ್‌ವಿತ್’ಗಳನ್ನು ಬಿಡಿಸಿ ಹೇಳುವಿರಾ?
— ಕಿರಿಯ ವಕೀಲರು, ಕಲಬುರಗಿ

‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದರೆ ‘ಎದುರು ನಿಲ್ಲದೆ’. ಲ್ಯಾಟಿನ್ನಿನ ‘ನಾನ್ ಆಬ್‌ಸ್ಟಾಂಟೆ’ಯ ಅಚ್ಚಿನಲ್ಲಿ 14ನೇ ಶತಮಾನದಲ್ಲಿ ಹೊಯ್ದ ಪದ. ಅದಕ್ಕೇ ಕೋರ್ಟಿನಲ್ಲಿ ಈ ಷರತ್ತನ್ನು ‘ನಾನ್ ಆಬ್‌ಸ್ಟಾಂಟೆ ಕ್ಲಾಸ್’ ಎನ್ನುವುದು. ಸಂವಿಧಾನದ 370ನೇ ವಿಧಿ ಶುರುವಾಗುತ್ತಿದ್ದುದೂ ಇದೇ ಪದದಿಂದ, ‘ಈ ಸಂವಿಧಾನದಲ್ಲಿ ಏನೇ ಇದ್ದರೂ’ ಎಂಬ ಅರ್ಥದಲ್ಲಿ. ಬೇರೆ ಯಾವ ಕಲಮೂ ಇದಕ್ಕೆ ಅಡ್ಡ ನಿಲ್ಲುವುದಿಲ್ಲ ಎಂಬ ಘೋಷಣೆ ಅದು. ‘ಸಬ್ಜೆಕ್ಟ್ ಟು’ ಇದಕ್ಕೆ ತದ್ವಿರುದ್ಧ, ಅಲ್ಲಿ ಈ ಕಲಮೇ ಇನ್ನೊಂದಕ್ಕೆ ಬಾಗುತ್ತದೆ. ಕರಡು ತಯಾರಿಸುವಾಗ ಇವೆರಡು ಅದಲುಬದಲಾದರೆ ಇಡೀ ಒಪ್ಪಂದ ತಲೆಕೆಳಗಾಗುತ್ತದೆ. ಎರಡು ಕಾಯ್ದೆಗಳೂ ‘ಏನೇ ಇದ್ದರೂ’ ಎಂದು ಹಟ ಹಿಡಿದರೆ ಸಾಮಾನ್ಯವಾಗಿ ನಂತರ ಬಂದದ್ದು ಗೆಲ್ಲುತ್ತದೆ. ಕಾಯ್ದೆಗಳ ಉದ್ದೇಶವನ್ನೂ ನ್ಯಾಯಾಲಯ ನೋಡುತ್ತದೆ.

‘ಫೋರ್ತ್‌ವಿತ್’ ಮೊದಲು ‘ಜೊತೆಜೊತೆಗೆ’ ಎಂದಿದ್ದು ‘ತಕ್ಷಣ’ ಆಯಿತು. ನಮ್ಮ ‘ಒಡನೆ’, ‘ಕೂಡಲೇ’ಗಳು ಸಾಗಿದ್ದೂ ಇದೇ ಹಾದಿ. ಕನ್ನಡದ ಆದೇಶದಲ್ಲಿ ‘ಕೂಡಲೇ’ ಎಂದರೆ ಸಾಕು.

ಕಚೇರಿಯವರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ‘ವಿತ್ ಎಫೆಕ್ಟ್ ಫ್ರಮ್’ ಆದಮೇಲೆ ದಿನಾಂಕ ಬೇಕು, ‘ವಿತ್ ಇಮ್ಮೀಡಿಯೆಟ್ ಎಫೆಕ್ಟ್’ ಆದಮೇಲೆ ದಿನಾಂಕ ಇರಬಾರದು. ಎರಡನ್ನೂ ಹೊಸೆದು ‘ವಿತ್ ಇಮ್ಮೀಡಿಯೆಟ್ ಎಫೆಕ್ಟ್ ಫ್ರಮ್ 1ನೇ ಏಪ್ರಿಲ್’ ಎಂದರೆ ತಕ್ಷಣವೋ ಏಪ್ರಿಲ್ಲೋ ಯಾರಿಗೂ ತಿಳಿಯುವುದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ‘ವಿತ್’ ಬರುವ ಕ್ರಿಯಾಪದಗಳಲ್ಲಿ ಎಲ್ಲಿ ಹೆಚ್ಚು ಅಂಕ ಹೋಗುತ್ತದೆ?
— ಉದ್ಯೋಗಾಕಾಂಕ್ಷಿ, ವಿಜಯಪುರ

ಮೊದಲನೆಯದು ‘ಕೋಪ್ ಅಪ್ ವಿತ್’. ‘ಅಪ್’ ಬೇಡ, ‘ಕೋಪ್ ವಿತ್’ ಸಾಕು. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ಗಳನ್ನು ಕೇಳಿ ಕೇಳಿ ಬಂದ ಅಭ್ಯಾಸ ಅದು. ಮದುವೆಗೆ ‘ಮ್ಯಾರಿಡ್ ಟು’. ‘ಇಂಥವರ ಜೊತೆ ಮದುವೆ’ ಎಂಬ ಕನ್ನಡ ಇಲ್ಲಿ ಕೈಕೊಡುತ್ತದೆ. ‘ವಿತ್ ರಿಗಾರ್ಡ್ಸ್ ಟು’ ತಪ್ಪು, ‘ರಿಗಾರ್ಡ್’ ಏಕವಚನ. ‘ಬೇರ್ ವಿತ್ ಮಿ’ ಎಂದು ಬರೆಯುವಾಗ ಕರಡಿ ಎಂಬರ್ಥದ ‘ಬೇರ್’ನ ಕಾಗುಣಿತವೇ ಸರಿ, ಇನ್ನೊಂದು ಕಾಗುಣಿತ ಹಾಕಿದರೆ ಬಟ್ಟೆ ಬಿಚ್ಚಲು ಕರೆದಂತಾಗುತ್ತದೆ.

ಜೋಡಿಗಳನ್ನು ಅರ್ಥದ ಸಮೇತ ಕಲಿಯಿರಿ. ವ್ಯಕ್ತಿಯನ್ನು ಒಪ್ಪಿದರೆ ‘ಅಗ್ರೀ ವಿತ್’, ಪ್ರಸ್ತಾವಕ್ಕೆ ಸಮ್ಮತಿಸಿದರೆ ‘ಅಗ್ರೀ ಟು’. ಊರಿನ ಹವೆ ಒಗ್ಗದಿದ್ದರೂ ‘ಡಸ್ ನಾಟ್ ಅಗ್ರೀ ವಿತ್’ ಎನ್ನುತ್ತಾರೆ. ವಸ್ತುವನ್ನು ಮನಸ್ಸಿಲ್ಲದೆ ಬಿಟ್ಟುಕೊಟ್ಟರೆ ‘ಪಾರ್ಟ್ ವಿತ್’, ವ್ಯಕ್ತಿಯಿಂದ ಅಗಲಿದರೆ ‘ಪಾರ್ಟ್ ಫ್ರಮ್’. ಸಮಸ್ಯೆಯನ್ನು ನಿಭಾಯಿಸಿದರೆ ‘ಡೀಲ್ ವಿತ್’, ಸರಕಿನ ವ್ಯಾಪಾರಕ್ಕೆ ‘ಡೀಲ್ ಇನ್’. ಕೊಡುವುದನ್ನು ‘ಪ್ರೊವೈಡ್ ಸಮ್‌ಒನ್ ವಿತ್’ ಎನ್ನಬೇಕು. ‘ಡಿಸ್ಕಸ್’ಗೆ ವ್ಯಕ್ತಿಯಾದರೆ ‘ವಿತ್’, ವಿಷಯಕ್ಕೆ ಏನೂ ಬೇಡ.

ವಚನದ ಪ್ರಶ್ನೆಯೂ ಆಗಾಗ ಬರುತ್ತದೆ. ‘ದ ಮಿನಿಸ್ಟರ್, ಅಲಾಂಗ್ ವಿತ್ ಹಿಸ್ ಆಫೀಸರ್ಸ್’ ಆದಮೇಲೆ ‘ವಾಸ್’, ‘ವರ್’ ಅಲ್ಲ. ‘ವಿತ್’ನಿಂದ ಸೇರಿಕೊಂಡವರು ಎಷ್ಟೇ ಜನವಿದ್ದರೂ ಕರ್ತೃವಾಗುವುದಿಲ್ಲ. ‘ಆ್ಯಂಡ್’ನಿಂದ ಸೇರಿದರೆ ಮಾತ್ರ ಬಹುವಚನ.

ಉಚ್ಚಾರ ‘ವಿತ್’ಓ, ‘ವಿದ್’ಓ?
— ಶಿಕ್ಷಕರು, ಚಾಮರಾಜನಗರ

ಬ್ರಿಟಿಷ್ ಶಿಷ್ಟ ಉಚ್ಚಾರದಲ್ಲಿ ಕೊನೆಯ ಸದ್ದು ಘೋಷ, ‘ದಿಸ್’ನ ಮೊದಲ ಸದ್ದಿನಂತೆ. ಬಹಳಷ್ಟು ಅಮೆರಿಕನ್ನರು, ಸ್ಕಾಟರು ಅಘೋಷ ಮಾಡುತ್ತಾರೆ, ‘ಥಿಂಕ್’ನ ಮೊದಲ ಸದ್ದಿನಂತೆ. ಯಾವುದೂ ತಪ್ಪಲ್ಲ. ನಾಲಗೆಯ ತುದಿ ಮೇಲ್ಹಲ್ಲಿನ ಅಂಚಿಗೆ ತಾಗಿ ಗಾಳಿ ಸೋರಬೇಕು. ನಮ್ಮ ‘ತ’, ‘ದ’ಗಳಲ್ಲಿ ಗಾಳಿ ಪೂರ್ತಿ ಕಟ್ಟುತ್ತದೆ, ವ್ಯತ್ಯಾಸ ಅಷ್ಟೇ. ಮೊದಲ ಅಕ್ಷರಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತುಟಿಗೆ ತಾಗಬಾರದು. ಮಕ್ಕಳಿಗೆ ಮೊದಲು ಇದನ್ನು ಕಲಿಸಿ. ಕೊನೆಯ ಸದ್ದಿಗಿಂತ ಇಲ್ಲಿನ ತಪ್ಪು ಕೇಳುವವರ ಕಿವಿಗೆ ಬೇಗ ಬೀಳುತ್ತದೆ.

ಅಮೆರಿಕದಲ್ಲಿರುವ ಮಗ ಕಳಿಸಿದ ಪಟ್ಟಿಯಲ್ಲಿ ‘ಡಬ್ಲ್ಯು’ ಅಕ್ಷರ, ಓರೆಗೆರೆ, ‘ಓ’ ಅಕ್ಷರ ಹೀಗೆ ಇತ್ತು. ನನ್ನ ಆಧಾರ್ ಕಾರ್ಡಿನಲ್ಲೂ ಅದೇ ಇದೆ. ಎರಡೂ ಒಂದೆಯೇ?
— ಗೃಹಿಣಿ, ತುಮಕೂರು

ಅಲ್ಲ. ಮಗನ ಪಟ್ಟಿಯಲ್ಲಿರುವುದು ‘ವಿದೌಟ್’: ‘ಸಕ್ಕರೆ ಇಲ್ಲದ್ದು’ ಎಂಬಂಥ ಕಡೆ ಅಮೆರಿಕದಲ್ಲಿ ಹಾಗೆ ಗೀಚುತ್ತಾರೆ. ಬರೀ ‘ಡಬ್ಲ್ಯು’ ಮತ್ತು ಓರೆಗೆರೆ ಇದ್ದರೆ ‘ವಿತ್’. ಆಧಾರ್‌ನಲ್ಲಿರುವುದು ‘ವೈಫ್ ಆಫ್’, ಇಂಥವರ ಹೆಂಡತಿ. ನಮ್ಮ ಪಹಣಿಗಳಲ್ಲಿ ‘ಕೋಂ’ ಎಂದು ಬರೆಯುವುದು ಇದನ್ನೇ. ಮಗ ಎನ್ನಲು ‘ಬಿನ್’. ವಿದೇಶಕ್ಕೆ ಕಳಿಸುವ ಕಾಗದಪತ್ರಗಳಲ್ಲಿ ಈ ಸಂಕ್ಷೇಪ ಹಾಕದೆ ‘ವೈಫ್ ಆಫ್’ ಎಂದು ಪೂರ್ತಿ ಬರೆಸಿ. ಅಲ್ಲಿನವರು ‘ಇಲ್ಲದೆ’ ಎಂದು ಓದಿಕೊಂಡರೆ ಗಂಡನ ಹೆಸರಿನ ಮುಂದೆ ಅದು ಸರಿಬರುವುದಿಲ್ಲ.